ಆಯುಧಪೂಜೆಯಂದು ಬಿಚ್ಚಿಕೊಂಡ ಗುರಾಣಿ

ಚಾಮರಾಜನಗರದಲ್ಲಿ ನಮ್ಮ ಟ್ರಸ್ಟಿನ ಸಂಗ್ರಹಾಲಯವನ್ನು ನಡೆಸುತ್ತಿರುವ ಆಡಳಿತ ಸಮಿತಿಯ ಸದಸ್ಯರೇ, ನೀವು ಗುರಾಣಿ ಕೋಣೆಯಲ್ಲಿ ಒಂದು ಸುಳ್ಳು ಫಲಕವನ್ನು ತೂಗುಹಾಕಿದ್ದೀರಿ. ಅದು ಸುಳ್ಳೆಂದು ನಿಮಗೆ ಗೊತ್ತು. ಗೊತ್ತಿದ್ದೂ, ಸುಳ್ಳನ್ನು ಸುಳ್ಳೆಂದ ಹುಡುಗಿಯನ್ನು ಕೆಲಸದಿಂದ ತೆಗೆಯಲು ಹೊರಟಿದ್ದೀರಿ.

ಓದುಗರಿಗೆ ವಿಷಯ ತಿಳಿಯಲಿ. ಆ ಕೋಣೆಯಲ್ಲಿ ಈಗ ಎದೆಮಟ್ಟದ, ಕೆಂಪಗೆ ಹೊಳೆಯುವ ಗುರಾಣಿಯೊಂದಿದೆ. ಮೆರವಣಿಗೆಯ ಸ್ತಬ್ಧಚಿತ್ರಗಳಿಗೆ ಬೊಂಬೆ ಮಾಡಿಕೊಡುವವರಿಂದ ತರಿಸಿದ ಫೈಬರ್ ಸಾಮಾನು ಅದು. ಕೆಳಗಿನ ಫಲಕದಲ್ಲಿ ‘ಪುರಾತತ್ವದ ಆಧಾರಗಳಂತೆ ಯಥಾವತ್ತಾಗಿ ನಿರ್ಮಿಸಿದ ರೋಮನ್ ಸೈನಿಕನ ಗುರಾಣಿ’ ಎಂದಿದೆ. ಮಾರ್ಗದರ್ಶಿಯಾಗಿ ಹೊಸದಾಗಿ ಸೇರಿದ ಶಿಲ್ಪಾಳನ್ನು, ಕಾಲೇಜು ಮಕ್ಕಳೊಡನೆ ಬಂದ ಅಧ್ಯಾಪಕಿಯೊಬ್ಬರು, “ನಿಜವಾಗಿ ಹೀಗೇ ಇತ್ತೇನಮ್ಮ?” ಎಂದು ಕೇಳಿದರು. ಅವಳು, “ಇಲ್ಲ ಮೇಡಂ, ಇದು ಫೈಬರ್. ಅವರದು ಮರದ ಪದರಗಳದ್ದು. ಹಾಗೆ ಕಟ್ಟಿದ ಎರಡು ನಮ್ಮಲ್ಲೇ ಇವೆ, ಹಿಂದಿನ ಶೆಡ್ಡಿನಲ್ಲಿ ಬಿದ್ದಿವೆ” ಎಂದಳು. ಮರುವಾರ ಅವಳ ಕೈಗೆ ನೋಟಿಸ್ ಬಂತು: ಸಂಸ್ಥೆಯ ಘನತೆಗೆ ಕುಂದು ತಂದ ನಿಮ್ಮನ್ನು ಏಕೆ ವಜಾ ಮಾಡಬಾರದು?

ಶೆಡ್ಡಿನಲ್ಲಿ ಬಿದ್ದಿರುವ ಆ ಗುರಾಣಿಗಳನ್ನು ಕಟ್ಟಿದವರಲ್ಲಿ ನಾನೊಬ್ಬಳು. ಈಗ ನಿವೃತ್ತಳು. ನಿವೃತ್ತಿಯೆಂದರೆ ನರೆಗೂದಲು ಊಹಿಸಬೇಡಿ. ಸಂಗ್ರಹಾಲಯಕ್ಕೆ ಸೇರಿದ ಗುಂಡ್ಲುಪೇಟೆಯ ಪ್ರತಿಕೃತಿ ಕಾರ್ಯಾಗಾರವನ್ನು ಮುಚ್ಚಿದ ದಿನ, ಅರವತ್ತು ತುಂಬಿದ ಬಡಗಿ ಮಹದೇವಾಚಾರಿಯವರಿಗೂ ಮೂವತ್ತಾರರ ನನಗೂ ಒಟ್ಟಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಒಂದೇ ಭಾಷಣದಲ್ಲಿ ಬೀಳ್ಕೊಟ್ಟರು. “ನಿಮ್ಮ ಮುಂದಿನ ವಿಶ್ರಾಂತ ಜೀವನ ಸುಖಕರವಾಗಿರಲಿ” ಎಂದರು ಕಾರ್ಯದರ್ಶಿಗಳು. ಆಚಾರಿಯವರು ನನ್ನ ಕಿವಿಯ ಬಳಿ ಬಗ್ಗಿ, “ಇನ್ನು ಮೊಮ್ಮಕ್ಕಳ ಆಡಿಸ್ಕಂಡಿರಿ ಮೇಡಂ” ಎಂದರು. ಆಗ ನನಗೆ ಮದುವೆಯೂ ಆಗಿರಲಿಲ್ಲ.

ಆ ಶಾಲಿನ ಹಕ್ಕಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಶಿಲ್ಪಾಳಂತೆ ಈ ಕೆಲಸಕ್ಕೆ ಹೊಸದಾಗಿ ಕಾಲಿಡುವ ತಂಗಿ ತಮ್ಮಂದಿರಿಗೆ, ಅವಳು ಹೇಳಿದ ಒಂದೇ ಮಾತಿನ ಹಿಂದೆ ಎಂಥ ದುಡಿಮೆಯಿತ್ತು ಎಂಬುದು ತಿಳಿಯಬೇಕು.

ನಾನು ಮೈಸೂರಿನಲ್ಲಿ ಪುರಾತತ್ವದಲ್ಲಿ ಎಂ.ಎ. ಮುಗಿಸಿ, ಕಾರ್ಯಾಗಾರಕ್ಕೆ ಸಹಾಯಕಿಯಾಗಿ ಸೇರಿದಾಗ ಮೇಲ್ವಿಚಾರಕರಾಗಿದ್ದವರು ನಂಜುಂಡಯ್ಯನವರು. ಅವರು ಇತಿಹಾಸದ ಅಧ್ಯಾಪಕರಾಗಿದ್ದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಮೊದಲ ದಿನ ನನ್ನನ್ನು ಕುರ್ಚಿಯಲ್ಲಿ ಕೂರಿಸಲೂ ಇಲ್ಲ. ಸ್ಕೂಟರಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿಯ ಊರೊಂದರ ಕೆರೆ ಏರಿಗೆ ಕರೆದೊಯ್ದು, ಅರ್ಧ ಹೂತ ವೀರಗಲ್ಲೊಂದರ ಮುಂದೆ ನಿಲ್ಲಿಸಿದರು. ಕಲ್ಲಿನ ವೀರ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ ಹಿಡಿದಿದ್ದ.

“ಇವನ ಗುರಾಣಿ ಯಾವುದರಲ್ಲಿ ಮಾಡಿದ್ದಮ್ಮ?”

ಎಂ.ಎ.ಯ ಬಿಸಿ ಇನ್ನೂ ಆರಿರಲಿಲ್ಲ. “ಮರದ ಚೌಕಟ್ಟು, ಮೇಲೆ ಎಮ್ಮೆ ಚರ್ಮ, ಸರ್.”

“ಕಲ್ಲಿನಲ್ಲಿ,” ಎಂದರು ಮೇಷ್ಟ್ರು. “ನಿನ್ನ ಕಣ್ಣಿಗೆ ಕಾಣುವುದು ಕಲ್ಲು. ಎಮ್ಮೆಯನ್ನು ನೀನು ಹೊಡೆದುಕೊಂಡು ಬಂದೆ.”

ಅವಮಾನವಾಯಿತು, ನಿಜ. ಆದರೆ ಆ ಕೆರೆ ಏರಿಯ ಗಾಳಿಯಲ್ಲಿ ಕೇಳಿದ್ದನ್ನು ನನ್ನ ಯಾವ ತರಗತಿಯೂ ಅಷ್ಟು ನೇರವಾಗಿ ಹೇಳಿರಲಿಲ್ಲ. ನಮ್ಮ ನೆಲದಲ್ಲಿ ಮರ ಗೆದ್ದಲಿಗೆ, ಚರ್ಮ ಮಣ್ಣಿಗೆ. ಉಳಿಯುವುದು ಗುರಾಣಿಯ ಚಿತ್ರವೇ ಹೊರತು ಗುರಾಣಿಯಲ್ಲ. ಹಾಗಿದ್ದ ಮೇಲೆ, ಕೊಳೆತುಹೋಗುವ ವಸ್ತುವೊಂದನ್ನು ಹೇಗೆ ಕಟ್ಟಿದ್ದರೆಂದು ಪುರಾತತ್ವ ಹೇಗೆ ಕಂಡುಕೊಳ್ಳುತ್ತದೆ? ಅದನ್ನು ತೋರಿಸುವ ಕೋಣೆಯೊಂದು ಬೇಕೆಂಬುದು ಮೇಷ್ಟ್ರ ಹಟ. ಅದಕ್ಕಾಗಿಯೇ ಅವರು ರೋಮನ್ ದಂಡಾಳಿನ ಗುರಾಣಿಯನ್ನು ಆರಿಸಿಕೊಂಡರು. ರೋಮನ್ನರ ನಾಣ್ಯಗಳು ಪಕ್ಕದ ಕೊಂಗುನಾಡಿನವರೆಗೆ ಬಂದಿವೆ. ಅವರು ನಮಗೆ ತೀರ ಅಪರಿಚಿತರಲ್ಲ. ಅದಕ್ಕಿಂತ ಮಿಗಿಲಾಗಿ, ಅವರ ಗುರಾಣಿಗಳ ಒಂದಿಷ್ಟು ಚೂರುಗಳಾದರೂ ಉಳಿದಿವೆ.

ಅವು ಚೂರುಗಳೇ ಎಂಬುದನ್ನು ನೆನಪಿಡಿ. ಯೂಫ್ರೆಟಿಸ್ ನದಿಯ ದಂಡೆಯ ದುರಾ ಯುರೋಪಸ್ ಎಂಬ ಕೋಟೆಪಟ್ಟಣದಲ್ಲಿ, ಮುತ್ತಿಗೆಯ ಕಾಲದ ಮಣ್ಣಿನಡಿ, ಬಾಗಿದ ಆಯತದ ಗುರಾಣಿಯೊಂದು ತುಂಡುತುಂಡಾಗಿ ಸಿಕ್ಕಿತು. ಕಾಶ್ಮೀರದವರು ಚಿನಾರ್ ಎನ್ನುವ ಮರದ ತೆಳ್ಳನೆಯ ಪಟ್ಟಿಗಳು. ಒಂದರ ಎಳೆಗೆ ಇನ್ನೊಂದು ಅಡ್ಡವಾಗಿ ಅಂಟಿಸಿದ ಮೂರು ಪದರ. ಮುಂಭಾಗಕ್ಕೆ ಚರ್ಮ, ಅದರ ಮೇಲೆ ಬಣ್ಣದ ಚಿತ್ರ. ನಡುವೆ ಕೈಹಿಡಿಯ ತೂತಿದೆ, ಅದನ್ನು ಮುಚ್ಚುವ ಲೋಹದ ಗುಬುಟು ಇಲ್ಲ. ಅಂಥ ಗುಬುಟು ಇಂಗ್ಲೆಂಡಿನ ನದಿಯೊಂದರ ತಳದಲ್ಲಿ ಸಿಕ್ಕಿದೆ, ಅದರ ಜೊತೆ ಮರವಿಲ್ಲ. ಈಜಿಪ್ಟಿನ ಒಣಮರಳು ಇನ್ನೂ ಹಳೆಯದಾದ, ಭೂರ್ಜ ಮರದ ಪದರಗಳ ಗುರಾಣಿಯನ್ನು ಕಾಪಾಡಿತು. ಅದು ರೋಮನ್ನರದೇ ಎಂಬುದರಲ್ಲೇ ವಾದವಿತ್ತು. ದಂಡು ಬಿಟ್ಟಿದ್ದ ಜಾಗಗಳಲ್ಲಿ ಅಂಚಿಗೆ ಕೂರಿಸುವ ಲೋಹದ ಪಟ್ಟಿಯ ತುಣುಕುಗಳು ಸಿಗುತ್ತವೆ. ಯೂರೋಪಿನ ಕೆಸರು ನೆಲಗಳಲ್ಲಿ ಗುರಾಣಿಗೆ ತೊಡಿಸುವ ಚರ್ಮದ ಹೊದಿಕೆಗಳು ಸಿಕ್ಕಿವೆ. ಮರವಿದ್ದಲ್ಲಿ ಲೋಹವಿಲ್ಲ, ಲೋಹವಿದ್ದಲ್ಲಿ ಮರವಿಲ್ಲ. ಈ ಚದುರಿದ ಸಾಕ್ಷಿಗಳನ್ನೆಲ್ಲ ಒಂದೇ ವಸ್ತುವಿನಲ್ಲಿ ಕೂಡಿಸಿ, ಎಲ್ಲಿ ಸಾಕ್ಷಿ ಮುಗಿದು ನಮ್ಮ ಊಹೆ ಶುರುವಾಯಿತೆಂದು ನೋಡುವವರಿಗೆ ಕಾಣಿಸುವುದು ನಮ್ಮ ಕೆಲಸವಾಗಿತ್ತು.

ಚಿನಾರ್ ನಮಗೆಲ್ಲಿಂದ? ಸಿಲ್ವರ್ ಓಕ್ ಆದೀತೆಂದು ತೀರ್ಮಾನವಾಯಿತು. ಆಚಾರಿಯವರು ಉಜ್ಜುಗೊರಡಿನಿಂದ ಪಟ್ಟಿಗಳನ್ನು ತೆಳುಮಾಡಲು ಹೋಗಿ ಅರ್ಧಕ್ಕರ್ಧ ಸೀಳಿಸಿದರು. ಕೊನೆಗೆ ಕೇರಳದ ಪ್ಲೈವುಡ್ ಮಿಲ್ಲಿನಲ್ಲಿ ಯಂತ್ರದಿಂದ ಸುಲಿದ ಹಾಳೆಗಳನ್ನು, ತರಕಾರಿ ಇಳಿಸಿ ಬರುವ ವ್ಯಾನಿನಲ್ಲಿ ತಂದೆವು. ಕಾಡು ಶುರುವಾಗುವ ಗಡಿಯ ಚೆಕ್‌ಪೋಸ್ಟಿನಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಟಾರ್ಪಾಲು ಎತ್ತಿ ನೋಡಿದ.

“ಏನಣ್ಣ ಇದು, ಮರವಾ ಹಪ್ಪಳವಾ?”

“ಹಪ್ಪಳಾನೇ ಕನ,” ಎಂದರು ಆಚಾರಿ. “ಕರ್ದು ತಿನ್ನಂಗಿಲ್ಲ ಅಷ್ಟೆ. ಇದ್ರಲ್ಲಿ ಗುರಾಣಿ ಮಾಡ್ತೀವಿ.”

“ಆನೆ ಅಡ್ಡ ಬಂದ್ರ ಇದ್ನ ಇಡ್ಕಂಡು ನಿಂತ್ಕಂಡಿಯಾ?”

“ಆನೆಗಲ್ಲ. ರೋಮನ್ನರದು.”

“ಅವ್ರ್ಯಾರು? ಕೇರಳದ ಬತ್ತೇರಿ ಕಡೇವ್ರಾ?”

ರಾತ್ರಿ ರಸ್ತೆ ಮುಚ್ಚುವ ಮುಂಚೆ ಕಾಡು ದಾಟಬೇಕಿತ್ತು. ಆಚಾರಿಯವರು, “ಅಂಗೇ ಇಟ್ಕಳಿ, ಆ ಕಡೇವ್ರೇ” ಎಂದರು. ಬಿಲ್ಲು ನೋಡಿ ಗಾರ್ಡ್ ಬಿಟ್ಟುಕಳಿಸಿದ.

ಅಂಟು ಯಾವುದೆಂಬುದು ಮುಂದಿನ ಪ್ರಶ್ನೆ. ಈಗಿನ ಬಿಳಿ ಗೋಂದು ಬಳಸಿದರೆ ಕೆಲಸ ಸಲೀಸು. ಆದರೆ ಅದು ನಮ್ಮ ಕಾಲದ್ದು. ನಾನು ಮರವಜ್ರಕ್ಕೆ ಪಟ್ಟು ಹಿಡಿದೆ. ಚರ್ಮ, ಮೂಳೆ ಬೇಯಿಸಿ ತೆಗೆಯುವ ಹಳೆಯ ಅಂಟು ಅದು. ಪುಡಿಯನ್ನು ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿಯಿಟ್ಟು ಕರಗಿಸಬೇಕು. ಅದರ ವಾಸನೆಗೆ ಪಕ್ಕದ ಹೋಟೆಲಿನವರು ಜಗಳಕ್ಕೆ ಬಂದರು. ಕಾರ್ಯಾಗಾರ ಗುಡಿಸಿ, ಹೊಲಿಗೆ ಕೆಲಸವನ್ನೂ ಮಾಡಿಕೊಡುತ್ತಿದ್ದ ಪುಟ್ಟತಾಯಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ, ಮರಕ್ಕೂ ಚರ್ಮಕ್ಕೂ ನಡುವೆ ಹಾಕುವ ನಾರುಬಟ್ಟೆ ಹೊಲಿದರು. “ಅಷ್ಟು ಓದ್ಬುಟ್ಟು ಕೊನೆಗ ಇದ ಬೇಯಿಸ್ತಾ ಕೂತ್ಕಂಡಲ್ಲ ಕಣಮ್ಮಿ, ನಿಮ್ಮವ್ವ ನೋಡವ್ಳಾ?” ಎಂದು ನನ್ನನ್ನು ಕೇಳುವರು.

ಅಂಟಿಸಿದ ಪದರಗಳನ್ನು ಬಾಗಿದ ಅಚ್ಚಿನ ಮೇಲೆ ಒತ್ತಿಹಿಡಿಯಲು ಭಾರ ಬೇಕಿತ್ತು. ಮರಳಿನ ಚೀಲ ತರಿಸೋಣವೆಂದೆ. ಅಷ್ಟರಲ್ಲಿ ಮೇಷ್ಟ್ರೇ ಪಕ್ಕದ ಮಂಡಿಯಿಂದ ಅರಿಶಿನದ ಮೂಟೆಗಳನ್ನು ಎರವಲು ತಂದು ಹೇರಿಸಿಬಿಟ್ಟಿದ್ದರು. ಒದ್ದೆ ಅಂಟು, ಬಿಳಿಯ ಬಟ್ಟೆ, ಗೋಣಿಯೊಳಗೆ ಅರಿಶಿನ. ಮೂಟೆ ಇಳಿಸಿದಾಗ ರೋಮನ್ ಗುರಾಣಿ ನಮ್ಮ ಮದುಮಗನಂತೆ ಹಳದಿಯಾಗಿ ಕುಳಿತಿತ್ತು.

“ಚಪ್ಪರ ಒಂದು ಹಾಕ್ಬುಡಿ ಮೇಷ್ಟ್ರೇ, ಮದ್ವೇನೇ ಮುಗ್ಸನ,” ಎಂದರು ಪುಟ್ಟತಾಯಮ್ಮ.

ಮೇಷ್ಟ್ರು ನಗಲಿಲ್ಲ. ತಾವೇ ಕತ್ತರಿ ಹಿಡಿದು ಬಟ್ಟೆ ಕಿತ್ತರು. ಮರುದಿನ ಮರಳು ಬಂತು. ವಿಶ್ವವಿದ್ಯಾಲಯದ ಯಾವ ಪುಸ್ತಕವೂ ಅರಿಶಿನದ ಮೂಟೆಯ ಬಗ್ಗೆ ನನ್ನನ್ನು ಎಚ್ಚರಿಸಿರಲಿಲ್ಲ.

ಎರಡನೆಯ ಪ್ರಯತ್ನ ಚೆನ್ನಾಗಿ ಬಂತು. ಪದರಗಳು ಗಟ್ಟಿಯಾಗಿ ಕೂತವು, ಬಾಗು ನಿಂತಿತು, ಮುಂಭಾಗಕ್ಕೆ ನಾರುಬಟ್ಟೆ, ತೆಳುಚರ್ಮ. ಅಂಚಿನ ಪಟ್ಟಿ, ಗುಬುಟು ಮಾತ್ರ ಬಾಕಿಯಿದ್ದವು. ಬೆರಳಿಂದ ಬಡಿದರೆ ಖಣಿಲ್ ಎನ್ನುತ್ತಿತ್ತು. ಆಚಾರಿಯವರು ಬಂದವರಿಗೆಲ್ಲ ಬಡಿದು ಕೇಳಿಸುತ್ತಿದ್ದರು. ಅಷ್ಟರಲ್ಲಿ ನವರಾತ್ರಿ ಬಂತು.

ಆಯುಧಪೂಜೆಯ ಹಿಂದಿನ ಸಂಜೆ ಕಾರ್ಯಾಗಾರವನ್ನೆಲ್ಲ ತೊಳೆಯುವುದು ವಾಡಿಕೆ. ಉಳಿ, ಕೊಡತಿ, ಗರಗಸ, ಬೈರಿಗೆ, ಮೇಷ್ಟ್ರ ಸ್ಕೂಟರು, ಹೊಲಿಗೆ ಯಂತ್ರದ ಚಕ್ರ, ಎಲ್ಲಕ್ಕೂ ಸ್ನಾನ. ನಾನೂ ಮೇಷ್ಟ್ರೂ ಮಧ್ಯಾಹ್ನವೇ ಚಾಮರಾಜನಗರಕ್ಕೆ ಹೋಗಿದ್ದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ಬಾಗಿಲಿಗೆ ಮಾವಿನ ತೋರಣ, ಒಳಗೆ ಊದುಬತ್ತಿಯ ಹೊಗೆ, ಸಾಲಾಗಿ ಜೋಡಿಸಿದ ಹತಾರಗಳಿಗೆ ವಿಭೂತಿ, ಕುಂಕುಮ, ಚೆಂಡು ಹೂವು. ಗೋಡೆಗೆ ಒರಗಿಸಿದ್ದ ಗುರಾಣಿಯ ಮೇಲೆ ಒದ್ದೆ ಗೋಣಿ ಹೊದಿಸಿತ್ತು.

“ಎಲ್ಲಾನೂ ತೊಳ್ದು ಮಡಗಿವ್ನಿ ಕಣಮ್ಮಿ,” ಎಂದರು ಪುಟ್ಟತಾಯಮ್ಮ. “ನಿನ್ ಗುರಾಣಿಗೂ ಎರಡು ಕೊಡ ಉಯ್ದು ಚೆಂದಾಗಿ ಉಜ್ಜಿವ್ನಿ. ಧೂಳು ಕೂರ್ಬಾರ್ದು ಅಂತ ಗೋಣಿ ಹೊದ್ಸಿವ್ನಿ.”

ಗೋಣಿ ತೆಗೆದೆ. ಮರವಜ್ರ ನೀರು ಕುಡಿದು ಮತ್ತೆ ಲೋಳೆಯಾಗಿತ್ತು. ಮೇಲಿನ ಮೂಲೆಯಿಂದ ಪದರಗಳು ಬಾಳೆಪಟ್ಟೆಯಂತೆ ಒಂದೊಂದಾಗಿ ಬಿಚ್ಚಿಕೊಂಡು, ಮರದ ಪಟ್ಟಿಗಳು ಜೋತುಬಿದ್ದಿದ್ದವು. ಚರ್ಮ ಜಾರಿ ಮಡಿಕೆಯಾಗಿತ್ತು.

ಆಚಾರಿಯವರು ಮೆಲ್ಲಗೆ, “ಆಯುಧ ಅಂದ್ಮೇಲೆ ತೊಳೀಬೇಕಲ್ವಾ ಮೇಡಂ? ಅದ್ನೊಂದ ಬುಟ್ಬುಟ್ಟು ಪೂಜೆ ಮಾಡದ್ಹೆಂಗೆ?” ಎಂದರು. ಸಿಟ್ಟು ಉಕ್ಕಿ ಬಂದರೂ ಗೋಣಿಯನ್ನು ಮಡಿಸಿ ಪಕ್ಕಕ್ಕಿಟ್ಟೆ. ಗುರಾಣಿಯೂ ಅವರ ಕೆಲಸದ ದೇವರುಗಳಲ್ಲಿ ಒಂದಾಗಿತ್ತು. ಅದನ್ನು ತೊಳೆಯದೆ ಬಿಟ್ಟಿದ್ದರೆ ಅದಕ್ಕೆ ಅಗೌರವ ತೋರಿಸಿದಂತೆ.

ಮೇಷ್ಟ್ರು ಬಂದರು. ಬಿಚ್ಚಿದ ಮೂಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಅವರು ಗುರಾಣಿಗೆ ಚರ್ಮದ ಹೊದಿಕೆ ಯಾಕೆ ಹಾಕುತ್ತಿದ್ದರೆಂದು ಹೋದ ತಿಂಗಳು ಜಗಳವಾಡಿದ್ದೆಯಲ್ಲ?” ಎಂದರು. ಹೊದಿಕೆ ದಂಡಿನ ಗುರುತಿಗೆ, ಅಲಂಕಾರಕ್ಕೆ ಎಂಬುದು ಮೇಷ್ಟ್ರ ವಾದ. ಮಳೆಗೆ ಎಂಬುದು ನನ್ನದು. “ನೀನೇ ಸರಿಯಿದ್ದೀಯೇನೋ. ಆದರೆ ಗೆದ್ದೆ ಅಂತ ಬರೆಯಬೇಡ. ಪುಟ್ಟತಾಯಮ್ಮ ಎರಡು ಕೊಡ ನೀರು ಹುಯ್ದದ್ದು ರೋಮನ್ನರ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ನಾವು ಬಳಸಿದ ಅಂಟಿಗೆ ನೀರು ಶತ್ರು ಅನ್ನುವುದನ್ನಷ್ಟೇ ತೋರಿಸುತ್ತದೆ. ಅಷ್ಟನ್ನೇ ಬರೆ.”

ಪೂಜೆ ನಿಲ್ಲಲಿಲ್ಲ. ಬಿಚ್ಚಿಕೊಂಡ ಗುರಾಣಿಗೂ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿದರು.

ರಿಪೇರಿ ಮಾಡುವ ಮಾತು ಬಂದಾಗ ಮೇಷ್ಟ್ರು ಬೇಡವೆಂದರು. ಇದನ್ನು ಹೀಗೇ ಒಣಗಿಸಿ ಕೋಣೆಯಲ್ಲಿಡೋಣ, ಪದರಗಳು ಜನರ ಕಣ್ಣಿಗೆ ಬೀಳಲಿ ಎಂದರು. ಆಚಾರಿಯವರಿಗೆ ತಡೆಯಲಾಗಲಿಲ್ಲ.

“ನನ್ ಕೈ ಕೆಲ್ಸ ಕಿತ್ಕಂಡು ಬಿದ್ದದ್ದ ಜನುಕ್ ತೋರ್ಸದಾ? ನಮ್ ನೆಂಟ್ರು ಬಂದ್ರ ಏನಂದಾರು? ಇಂವ ಅಂಟ್ಸದೇ ಇಂಗೆ ಅಂದಾರು.”

ಒಂದು ವಾರ ಅವರು ಕೆಲಸಕ್ಕೇ ಬರಲಿಲ್ಲ. ನಾನು ಮನೆಗೆ ಹೋದೆ. ಜಗಲಿಯಲ್ಲಿ ಕೂತು, ಮುಖ ತಿರುಗಿಸಿಕೊಂಡೇ ಕಾಫಿ ಕೊಡಿಸಿದರು. ಕೊನೆಗೆ ಷರತ್ತು ಬಂತು: ಪಕ್ಕದಲ್ಲಿ ಇನ್ನೊಂದು ಗುರಾಣಿ ಕಟ್ಟಬೇಕು, ಇಡಿಯಾದದ್ದು, ಅಂಚುಪಟ್ಟಿ, ಗುಬುಟು ಸಮೇತ, ಮೇಕೆ ಚರ್ಮದ ಹೊದಿಕೆಯೂ ಇರಬೇಕು. ಹಾಗೆಯೇ ಆಯಿತು. ಕೋಣೆ ತೆರೆದ ಮೇಲೆ ಅವರು ಭಾನುವಾರಗಳಲ್ಲಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದು, ಇಡಿಯಾದದ್ದರ ಪಕ್ಕ ನಿಲ್ಲುತ್ತಿದ್ದರು. ಜನ ಮಾತ್ರ ಬಿಚ್ಚಿದ್ದರ ಮುಂದೆ ಗುಂಪುಗೂಡುತ್ತಿದ್ದರು. ಕೆಲವು ತಿಂಗಳಲ್ಲಿ ಅವರೂ ಮೆಲ್ಲನೆ ಈ ಕಡೆಗೆ ಸರಿದು, “ನೋಡಿ, ಇದು ಅಡ್ಡ ಎಳೆ, ಇದು ಉದ್ದ ಎಳೆ. ಒಂದ್ ಕಡೆ ಸೀಳುದ್ರ ಇನ್ನೊಂದು ತಡೀತದ” ಎಂದು ಬೆರಳಿಟ್ಟು ತೋರಿಸತೊಡಗಿದರು. ಅವರ ನೆಂಟರೂ ಬಂದು ನೋಡಿಹೋದರು.

ಫಲಕ ಬರೆಯಲು ಮೇಷ್ಟ್ರು ಕಲಿಸಿದ ಕ್ರಮವನ್ನು ಹೊಸಬರು ತಿಳಿಯಬೇಕು. ಮಣ್ಣಿನಲ್ಲಿ ಸಿಕ್ಕಿದ್ದನ್ನು ಕಪ್ಪಿನಲ್ಲಿ ಬರೆಯಿರಿ. ಸಿಕ್ಕಿದ್ದರಿಂದ ಊಹಿಸಿದ್ದನ್ನು ನೀಲಿಯಲ್ಲಿ. ಗೊತ್ತಿಲ್ಲದ್ದನ್ನು ಕೆಂಪಿನಲ್ಲಿ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ. ನಮ್ಮ ಫಲಕದಲ್ಲಿ ಮರದ ಮೂರು ಪದರ ಕಪ್ಪು, ಮರವಜ್ರ ನೀಲಿ. ಎಲ್ಲ ದಂಡುಗಳ ಗುರಾಣಿಯೂ ಹೀಗೇ ಇತ್ತೇ ಎಂಬ ಪ್ರಶ್ನೆ ಕೆಂಪು. ಸಿಲ್ವರ್ ಓಕ್ ನಮ್ಮ ಅನುಕೂಲಕ್ಕೆ ಬಳಸಿದ್ದು ಎಂದೂ ಬರೆದಿದ್ದೆವು. ಒಮ್ಮೆ ಪುಟ್ಟತಾಯಮ್ಮ ಅದನ್ನು ಓದಿಸಿ ಕೇಳಿ, “ನಮ್ಮೂರ್ ಬಾಗ್ಲಲ್ಲಿ ಕಲ್ಲಾಗಿ ನಿಂತವ್ನಲ್ಲ, ಅವಂದೂ ಇಂಗೇ ಇತ್ತಾ?” ಎಂದರು. “ಗೊತ್ತಿಲ್ಲಮ್ಮ” ಎಂದೆ. “ಇಷ್ಟೊಂದು ಗೊತ್ತಿಲ್ಲ ಅನ್ನಕ್ಕ ಸಂಬ್ಳ ಕೊಟ್ಟಾರಾ?” ಎಂದು ನಕ್ಕರು. ನಾನೂ ನಕ್ಕೆ. ಆ ದಿನಗಳ ಕೋಣೆಯ ತುಂಬ ಚರ್ಮದ, ಮರದ ವಾಸನೆಯಿತ್ತು; ಬಂದವರು ಅದನ್ನು ಉಸಿರಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ನನ್ನ ದುಡಿಮೆಯ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ವರ್ಷಗಳಿಲ್ಲ.

ಮೇಷ್ಟ್ರು ಆರೋಗ್ಯ ಕೆಟ್ಟು ಮನೆ ಸೇರಿದರು. ಹೊಸ ಸಮಿತಿ ಬಂತು. ಕಾರ್ಯಾಗಾರದ ಅಗತ್ಯವಿಲ್ಲ, ಬೇಕಾದದ್ದನ್ನು ಹೊರಗಿನಿಂದ ತರಿಸಬಹುದು ಎಂದು ತೀರ್ಮಾನವಾಯಿತು. ವಿಧಾನಗಳು ಬದಲಾಗುವುದಕ್ಕೆ ನನ್ನ ತಕರಾರಿಲ್ಲ. ಉಜ್ಜುಗೊರಡು ಸೋತಾಗ ಮಿಲ್ಲಿನ ಹಾಳೆ ತಂದವರು ನಾವೇ. ಫೈಬರ್ ಗುರಾಣಿಯನ್ನೂ ಇಡಬಹುದು, ಮಕ್ಕಳು ಎತ್ತಿ ಹಿಡಿದು ಆಡಲಿ. ಆದರೆ ನಮ್ಮ ಎರಡು ಗುರಾಣಿಗಳನ್ನೂ ಶೆಡ್ಡಿಗೆ ಸಾಗಿಸಿದಾಗ ನಾನು ಕಾರ್ಯದರ್ಶಿಗಳ ಬಳಿ ಹೋದೆ. ಅವರು ತಾಳ್ಮೆಯಿಂದಲೇ ಹೇಳಿದರು: “ನೋಡಮ್ಮ, ಒಡೆದ ಕನ್ನಡಿಯನ್ನ ಮನೆಯಲ್ಲೇ ಇಟ್ಟುಕೊಳ್ಳಲ್ಲ, ಭಿನ್ನವಾದ ಮೂರ್ತಿಗೆ ಪೂಜೆ ಮಾಡಲ್ಲ. ದೊಡ್ಡ ದೊಡ್ಡವರು ಬರುವ ಜಾಗದಲ್ಲಿ ಕಿತ್ತುಹೋದದ್ದನ್ನ ಇಡೋದಾ?”

“ಹಾಗಾದರೆ ಇಡಿಯಾದದ್ದನ್ನಾದರೂ ಇಡಿ ಸರ್.”

“ಅದು ಮಂಕಾಗಿದೆ. ಫೋಟೋಕ್ಕೆ ಬರಲ್ಲ.”

ಸಂಗ್ರಹಾಲಯವೆಂದರೆ ಒಡೆದದ್ದರ ಮನೆ ಎಂದು ಅವರಿಗೆ ಹೇಳುವವರು ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಆ ಶೆಡ್ಡಿನ ಶೀಟು ಸೋರುತ್ತದೆ. ಮರವಜ್ರಕ್ಕೆ ನೀರು ಏನು ಮಾಡುತ್ತದೆಂದು ಈ ಜಿಲ್ಲೆಯಲ್ಲಿ ನಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅಲ್ಲಿಗೆ ನಾನು ಸುಮ್ಮನಾಗಿದ್ದೆ. ನೋಟಿಸ್ ಹಿಡಿದುಕೊಂಡು ಶಿಲ್ಪಾ ನಮ್ಮ ಮನೆಗೆ ಬಂದಳು. ಮನೆಗೆ ಸಂಬಳ ತರುವವಳು ಅವಳೊಬ್ಬಳೇ. ತಾಯಿ ಕೂಲಿ ಬಿಟ್ಟಿದ್ದಾರೆ. “ಅಕ್ಕ, ಗೊತ್ತಾಗದೆ ಹೇಳಿಬಿಟ್ಟೆ, ಕ್ಷಮಿಸಿ ಅಂತ ಬರೆದುಕೊಟ್ಟರೆ ಬಿಡುತ್ತಾರಂತೆ. ಬರೆಯಲಾ?” ಎಂದಳು. ಅವಳ ವಯಸ್ಸಿನವಳಿಗೆ ನಾನು ಧೈರ್ಯದ ಉಪದೇಶ ಮಾಡಲಾರೆ. ಕೆಲಸ ಹೋದರೆ ಅವಳ ಮನೆಯ ಒಲೆ ನಾನು ಹೊತ್ತಿಸುವುದಿಲ್ಲ. “ಎರಡು ವಾರ ತಡಿ” ಎಂದೆ, “ಮೊದಲು ನಾನು ಬರೆಯುತ್ತೇನೆ.”

ಆದ್ದರಿಂದ ಸಮಿತಿಯ ಅಧ್ಯಕ್ಷರಲ್ಲೂ ಸದಸ್ಯರಲ್ಲೂ ನನ್ನ ವಿಧಿವತ್ತಾದ ಕೋರಿಕೆ ಇದು. ಶಿಲ್ಪಾ ಆಡಿದ ಮಾತಿನಲ್ಲಿ ಯಾವ ಪದ ಸುಳ್ಳೆಂಬುದನ್ನು ಲಿಖಿತವಾಗಿ ತಿಳಿಸಿ. ತಿಳಿಸಲಾಗದಿದ್ದರೆ ನೋಟಿಸನ್ನು ಬೇಷರತ್ತಾಗಿ ಹಿಂತೆಗೆದುಕೊಂಡು, ಹಾಗೆ ಹಿಂತೆಗೆದುಕೊಂಡ ಪತ್ರವನ್ನು ಅವಳ ಕೈಗೆ ಕೊಡಿ. ಫೈಬರ್ ಗುರಾಣಿಯ ಕೆಳಗೆ ಅದು ಫೈಬರ್ ಎಂದು ಬರೆಸಿ. ಶೆಡ್ಡಿನಲ್ಲಿರುವ ಎರಡು ಗುರಾಣಿಗಳನ್ನು ಮುಂಗಾರಿಗೆ ಮುನ್ನ ಒಳಗೆ ತರಿಸಿ. ಹೊತ್ತು ತರಲು ಆಚಾರಿಯವರೂ ಪುಟ್ಟತಾಯಮ್ಮನವರೂ ನಾನೂ ಬರುತ್ತೇವೆ, ಕೂಲಿ ಬೇಡ. ಉತ್ತರವನ್ನು ನನಗೆ ಕೊಡುವುದು ಬೇಡ. ಶಿಲ್ಪಾ ಈಗಲೂ ದಿನಾ ಬೆಳಿಗ್ಗೆ ಆ ಫಲಕದ ಪಕ್ಕದಲ್ಲೇ ನಿಂತಿರುತ್ತಾಳೆ. ಪ್ರೇಕ್ಷಕರು ಕೇಳಿದರೆ ತಾನು ಏನು ಹೇಳಬೇಕೆಂದು ಅವಳು ನಿಮ್ಮನ್ನು ಕೇಳಿದ್ದಾಳೆ. ಅವಳಿಗೆ ಹೇಳಿ.